ಪರಿವರ್ತನೀಯ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಆಗಿಯೂ ಟ್ಯಾಬ್ಲೆಟ್ ಆಗಿಯೂ ಬಳಸಬಹುದಾದ ಗಣಕಯಂತ್ರವನ್ನು ಪರಿವರ್ತನೀಯ ಲ್ಯಾಪ್‌ಟಾಪ್ ಎನ್ನುತ್ತಾರೆ. ಇದರ ಸ್ಪರ್ಶಪರದೆಯನ್ನು ಕೀಲುಗಳ ಮೇಲೆ ಪೂರ್ತಿ ಹಿಂದಕ್ಕೆ ಮಡಚಬಹುದು. ಕೆಲವು ಮಾದರಿಗಳಲ್ಲಿ ಪರದೆಯನ್ನು ಕೀಲಿಮಣೆಯಿಂದ ಬೇರ್ಪಡಿಸಲೂ ಬರುತ್ತದೆ. ದೊಡ್ಡ ಪರದೆ, ಸುಲಭ ದುರಸ್ತಿ ಹಾಗೂ ಲಿನಕ್ಸ್ ಬೆಂಬಲ, ಈ ಮೂರೂ ಒಂದೇ ಪರಿವರ್ತನೀಯ ಯಂತ್ರದಲ್ಲಿ ಸೇರುವುದು ಅಪರೂಪ.

ಇತಿಹಾಸ

1993ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ ಕನ್ಸರ್ಟೊ ಈ ವರ್ಗದ ಆರಂಭಿಕ ಯಂತ್ರಗಳಲ್ಲಿ ಒಂದು. ಅದರ ಕೀಲಿಮಣೆಯನ್ನು ಬೇರ್ಪಡಿಸಿ, ಲೇಖನಿಯಿಂದ ಪರದೆಯ ಮೇಲೆ ಬರೆಯಬಹುದಾಗಿತ್ತು. ನಂತರ ಮೈಕ್ರೋಸಾಫ್ಟ್ ಟ್ಯಾಬ್ಲೆಟ್ ಪಿಸಿ ಎಂಬ ಕಲ್ಪನೆಯನ್ನು ಮುಂದಿಟ್ಟಿತು. 2012ರಲ್ಲಿ ಬಂದ ಲೆನೊವೊ ಐಡಿಯಾಪ್ಯಾಡ್ ಯೋಗಾ, 360 ಡಿಗ್ರಿ ಮಡಚುವ ಕೀಲನ್ನು ಜನಪ್ರಿಯಗೊಳಿಸಿತು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನವೆಂದರೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಇದನ್ನು ರೂಪಿಸಿದರು. ಅಂಗೈಯಲ್ಲಿ ಹಿಡಿಯುವ ಈ ಯಂತ್ರ ಲಿನಕ್ಸ್‌ನಿಂದ ನಡೆಯುತ್ತಿತ್ತು. ಅದರ ಯಂತ್ರಾಂಶ ವಿನ್ಯಾಸಕ್ಕೂ ಮುಕ್ತ ಪರವಾನಗಿಯನ್ನು ರಚಿಸಲಾಗಿತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದರೂ ನಿರೀಕ್ಷಿಸಿದಷ್ಟು ಗ್ರಾಹಕರನ್ನು ಪಡೆಯಲಿಲ್ಲ.

ಪರದೆಯ ಗಾತ್ರ

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಅಂಗುಲಗಳಲ್ಲಿ ಹೇಳುತ್ತಾರೆ. 16:10 ಅನುಪಾತದ 16 ಅಂಗುಲದ ಪರದೆ ಸುಮಾರು 34.5 ಸೆಂ.ಮೀ. ಉದ್ದ, 21.5 ಸೆಂ.ಮೀ. ಅಗಲವಿರುತ್ತದೆ. ಎ4 ಹಾಳೆಯ ಅಳತೆ 29.7 ಮತ್ತು 21 ಸೆಂ.ಮೀ. ಆದ್ದರಿಂದ ಇಂತಹ ಪರದೆಯನ್ನು ನಿಲುವಾಗಿ ತಿರುಗಿಸಿದರೆ ಎ4 ಪುಟವನ್ನು ಮೂಲ ಗಾತ್ರದಲ್ಲೇ ಓದಬಹುದು. 14 ಅಂಗುಲದ ಪರದೆಯಲ್ಲಿ ಅದೇ ಪುಟವನ್ನು ಸುಮಾರು ಹತ್ತನೇ ಒಂದು ಭಾಗ ಕುಗ್ಗಿಸಬೇಕಾಗುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಲ್ಲಿ ಒತ್ತಕ್ಷರಗಳು ಚಿಕ್ಕದಾಗಿರುವುದರಿಂದ, ವಯಸ್ಸಾದ ಓದುಗರಿಗೆ ಈ ವ್ಯತ್ಯಾಸ ಗಣನೀಯ. ಆದರೆ ದೊಡ್ಡ ಯಂತ್ರವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿರುವುದು ಕಷ್ಟ. ಅದನ್ನು ಮೇಜಿನ ಮೇಲೋ ವ್ಯಾಸಪೀಠದ ಮೇಲೋ ಇಟ್ಟು ಓದುವುದು ಅನುಕೂಲ.

ದುರಸ್ತಿ

ಟ್ಯಾಬ್ಲೆಟ್‌ನಂತೆ ಬಳಸಬೇಕಾದ ಯಂತ್ರ ತೆಳುವಾಗಿಯೂ ಹಗುರವಾಗಿಯೂ ಇರಬೇಕೆಂದು ತಯಾರಕರು ಅನೇಕ ಮಾದರಿಗಳಲ್ಲಿ ಸ್ಮೃತಿಕೋಶವನ್ನು ಮುಖ್ಯಫಲಕಕ್ಕೆ ಬೆಸುಗೆ ಹಾಕುತ್ತಾರೆ. ಕೊಂಡಾಗ ಇದ್ದಷ್ಟೇ ಸ್ಮೃತಿ ಕೊನೆಯವರೆಗೆ. ಗಾಜು, ಸ್ಪರ್ಶಪದರ ಮತ್ತು ಪರದೆಯನ್ನು ಒಂದಕ್ಕೊಂದು ಅಂಟಿಸಿದ್ದರೆ ಗಾಜು ಮಾತ್ರ ಒಡೆದರೂ ಇಡೀ ಜೋಡಣೆಯನ್ನು ಬದಲಿಸಬೇಕು. ದೊಡ್ಡ ಪರದೆಯ ಭಾರ ಕೀಲುಗಳ ಮೇಲೂ ಬೀಳುತ್ತದೆ.

2020ರಲ್ಲಿ ಅಮೆರಿಕದಲ್ಲಿ ಆರಂಭವಾದ ಫ್ರೇಮ್‌ವರ್ಕ್ ಸಂಸ್ಥೆಯು ಬಳಕೆದಾರರೇ ಬಿಚ್ಚಿ ಬಿಡಿಭಾಗ ಬದಲಿಸಬಹುದಾದ ಲ್ಯಾಪ್‌ಟಾಪ್‌ಗಳನ್ನು ತಯಾರಿಸುತ್ತದೆ. 2025ರ ಫೆಬ್ರವರಿಯಲ್ಲಿ ಅದು ಪ್ರಕಟಿಸಿದ ಪರಿವರ್ತನೀಯ ಮಾದರಿಯ ಪರದೆ 12.2 ಅಂಗುಲದ್ದು. ಅದೇ ಸಂಸ್ಥೆಯ 16 ಅಂಗುಲದ ಯಂತ್ರ ಪರಿವರ್ತನೀಯವಲ್ಲ.

ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ ದುರಸ್ತಿಯೋಗ್ಯತೆಯ ಸೂಚ್ಯಂಕವನ್ನು ನಮೂದಿಸುವುದು ಕಡ್ಡಾಯವಾಯಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿಯನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಈ ಸಂಬಂಧದ ಜಾಲತಾಣವನ್ನು ಆರಂಭಿಸಿತು.

ಲಿನಕ್ಸ್ ಬಳಕೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ರ ಷರತ್ತುಗಳನ್ನು ಪೂರೈಸದ ಹಳೆಯ ಯಂತ್ರಗಳಿಗೆ ಲಿನಕ್ಸ್ ಇನ್ನಷ್ಟು ವರ್ಷಗಳ ಆಯುಷ್ಯ ನೀಡಬಲ್ಲದು. ಪರಿವರ್ತನೀಯ ಯಂತ್ರಗಳಲ್ಲಿ ವಿಶೇಷವಾಗಿ ನೋಡಬೇಕಾದ ಅಂಶಗಳೆಂದರೆ ಪರದೆ ತಾನಾಗಿ ತಿರುಗುವುದು, ಮಡಚಿದಾಗ ಕೀಲಿಮಣೆ ನಿಷ್ಕ್ರಿಯವಾಗುವುದು, ಲೇಖನಿಯ ಒತ್ತಡ ದಾಖಲಾಗುವುದು ಮತ್ತು ನಿದ್ರಾಸ್ಥಿತಿಯಿಂದ ಸರಿಯಾಗಿ ಎಚ್ಚರಗೊಳ್ಳುವುದು. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಚಲಾಯಿಸಬಹುದಾದ್ದರಿಂದ, ಯಂತ್ರದಲ್ಲಿ ಸ್ಥಾಪಿಸುವ ಮೊದಲೇ ಇವುಗಳನ್ನು ಪರೀಕ್ಷಿಸಲು ಸಾಧ್ಯ.

ಲಿನಕ್ಸ್‌ನ ಐಬಸ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸಗಳೆರಡೂ ದೊರೆಯುತ್ತವೆ. ಕೀಲಿಮಣೆಯನ್ನು ಹಿಂದಕ್ಕೆ ಮಡಚಿದಾಗ ಪರದೆಯ ಮೇಲಿನ ಕೀಲಿಮಣೆಯೇ ಆಧಾರ. ಅದರಲ್ಲಿ ಕನ್ನಡ ವಿನ್ಯಾಸವಿದೆಯೇ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಕರಾವಳಿಯ ಪರಿಸ್ಥಿತಿ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ಅರಬ್ಬೀ ಸಮುದ್ರದ ತೀರದಲ್ಲಿವೆ. ಉಪ್ಪಿನಂಶದ ತೇವಗಾಳಿ ಲೋಹದ ಸಂಪರ್ಕಬಿಂದುಗಳಿಗೆ ಕಿಲುಬು ಹಿಡಿಸುತ್ತದೆ, ಕೀಲುಗಳಿಗೆ ತುಕ್ಕು ತರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಹೀಗಾಗಿ ತಳಭಾಗವನ್ನು ಸಾಮಾನ್ಯ ತಿರುಪುಳಿಯಿಂದ ಬಿಚ್ಚಿ ಫ್ಯಾನು ಶುಚಿಗೊಳಿಸಲು, ಬ್ಯಾಟರಿ ಬದಲಿಸಲು ಬರುವ ಯಂತ್ರ ಇಲ್ಲಿ ಹೆಚ್ಚು ಕಾಲ ಬಾಳುತ್ತದೆ. ಮುಖ್ಯಫಲಕಕ್ಕೆ ಬೆಸೆದ ಭಾಗ ಕೆಟ್ಟರೆ ಊರಿನ ದುರಸ್ತಿಗಾರರ ಕೈಯಲ್ಲಿ ಅದು ಸರಿಹೋಗುವುದು ಕಷ್ಟ. ಸಣ್ಣ ದೋಷಕ್ಕೂ ಫಲಕವನ್ನೇ ಬದಲಿಸುವ ಖರ್ಚು ಬರಬಹುದು.

ಕನ್ನಡದ ಜೊತೆಗೆ ಕೊಂಕಣಿಯೂ ಬಳಕೆಯಲ್ಲಿರುವ ಈ ಭಾಗದಲ್ಲಿ ಕನ್ನಡ ಮತ್ತು ದೇವನಾಗರಿ ಲಿಪಿಗಳೆರಡೂ ಬೇಕಾಗುತ್ತವೆ. ಯೂನಿಕೋಡ್ ಆಧಾರಿತ ಲಿನಕ್ಸ್ ವ್ಯವಸ್ಥೆಯಲ್ಲಿ ಕೀಲಿಗಳನ್ನು ಒತ್ತಿ ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಗಬಹುದು.