ಸರಕಾರದ ಅನುವಾದಕನೆಂಬ ಓದುಗ

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಭಾಷೆಯ ಪತ್ರಿಕೆಗಳಿಗೆ ತಪ್ಪದ ಓದುಗನೊಬ್ಬನಿದ್ದ. ಆತ ಸರಕಾರದ ಅನುವಾದಕ. ಧಾರವಾಡವೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಮರಾಠಿ, ಗುಜರಾತಿ, ಕನ್ನಡ ಪತ್ರಿಕೆಗಳನ್ನು ಓದಿ, ಆಡಳಿತವನ್ನು ಟೀಕಿಸಿದ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ, ವಾರವಾರವೂ ಗೋಪ್ಯ ವರದಿಯಾಗಿ ಮೇಲಧಿಕಾರಿಗಳಿಗೆ ಒಪ್ಪಿಸಲಾಗುತ್ತಿತ್ತು.

ಓದುವುದರಲ್ಲೇ ಸರಕಾರ ತೃಪ್ತವಾಗಲಿಲ್ಲ. 1878ರಲ್ಲಿ ಲಾರ್ಡ್ ಲಿಟನ್ ತಂದ ಕಾಯಿದೆ, ಮುದ್ರಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಮುದ್ರಣಯಂತ್ರವನ್ನೇ ಜಪ್ತಿ ಮಾಡುವ ಅಧಿಕಾರವನ್ನು ಕೊಟ್ಟಿತು. ನ್ಯಾಯಾಲಯಕ್ಕೆ ಮೊರೆಹೋಗುವ ದಾರಿಯೂ ಇರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಮಾತ್ರ ಅದು ಅನ್ವಯಿಸದು! ಕಲಕತ್ತೆಯ 'ಅಮೃತ ಬಜಾರ್ ಪತ್ರಿಕೆ' ಬಂಗಾಲಿಯನ್ನು ಬಿಟ್ಟು ಇಂಗ್ಲಿಷ್ ಪತ್ರಿಕೆಯಾಗಿ ಪಾರಾಯಿತು. ರಿಪನ್ನನ ಕಾಲದಲ್ಲಿ ಆ ಕಾಯಿದೆ ರದ್ದಾಯಿತು. ರಾಜದ್ರೋಹದ ಕಲಮು ಉಳಿಯಿತು.

1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ತಿಲಕರು ಮುಂಬಯಿ ಹೈಕೋರ್ಟಿನಲ್ಲಿ ನಿಂತರು. ತಮ್ಮ ಮರಾಠಿಯನ್ನು ಸರಕಾರಿ ಭಾಷಾಂತರ ವಿರೂಪಗೊಳಿಸಿದೆ ಎಂಬುದು ಅವರ ವಾದದ ಒಂದು ಮುಖ್ಯ ಅಂಶ. ಒಂಬತ್ತು ಜ್ಯೂರಿಗಳಲ್ಲಿ ಏಳು ಮಂದಿ ತಪ್ಪಿತಸ್ಥರೆಂದರು; ಆರು ವರ್ಷಗಳ ಶಿಕ್ಷೆಯಾಯಿತು. ಗಿರಣಿ ಕಾರ್ಮಿಕರು ಆರು ದಿನ ಮುಷ್ಕರ ಹೂಡಿ ತಮ್ಮ ತೀರ್ಪು ನೀಡಿದರು.

ಅಂದಿನ ಎಷ್ಟೋ ಪತ್ರಿಕೆಗಳ ಸಂಚಿಕೆಗಳು ಇಂದು ಸಿಗವು. ಇತಿಹಾಸಕಾರರು ಆ ಗೋಪ್ಯ ವರದಿಗಳನ್ನೇ ತಡಕಬೇಕಾಗಿದೆ. ಇದಕ್ಕಾಗಿ ಕಾವಲುಗಾರನಿಗೆ ಕೃತಜ್ಞತೆ ಹೇಳಬೇಕೆ? ಉಳಿದಿರುವುದು ಆಳುವವರನ್ನು ಕೆರಳಿಸಿದ ವಾಕ್ಯಗಳು ಮಾತ್ರ, ಅದೂ ಅವರ ಭಾಷೆಯಲ್ಲಿ. ಸಂಪಾದಕ ತನ್ನ ಜನರೊಡನೆ ತನ್ನ ನುಡಿಯಲ್ಲಿ ಆಡಿದ ಮಾತು ಕಳೆದೇ ಹೋಯಿತು.