ಕಾಣಿಯೂರು ಪರಿಸರದ ಹರಕೆಯ ಬಯಲಾಟ: ಹಣವಿಲ್ಲದ ನೋಟದ ವೆಚ್ಚವನ್ನು ಹೊತ್ತವರು

ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಸಿಕ್ಕುವ ಕಾಣಿಯೂರು ಕನ್ನಡ ನಾಡಿನ ಧಾರ್ಮಿಕ ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಾದ ಊರಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದು ಈ ಊರಿನ ಹೆಸರನ್ನೇ ಹೊತ್ತಿದೆ. ಮಧ್ವಾಚಾರ್ಯರ ನೇರ ಶಿಷ್ಯರಾದ ರಾಮತೀರ್ಥರು ಆ ಮಠದ ಮೂಲಯತಿಗಳು. ಮಠದ ಪರಂಪರೆ, ಪರ್ಯಾಯದ ವ್ಯವಸ್ಥೆ ಮೊದಲಾದವನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅದೇ ಊರಿನ ಸುತ್ತಣ ಗದ್ದೆಗಳಲ್ಲಿ ಬೇಸಗೆಯ ರಾತ್ರಿಗಳಲ್ಲಿ ನಡೆದು ಬಂದಿರುವ ಬಯಲಾಟದ ಒಂದು ಮುಖವನ್ನು, ಎಂದರೆ ಅದರ ವೆಚ್ಚದ ಇತಿಹಾಸವನ್ನು, ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಮಳೆ ಹಿಂಗಿ ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ 24 ಅಥವಾ 25ನೆಯ ದಿನಾಂಕದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಈ ಅವಧಿಯ ಸಂಚಾರಕ್ಕೆ ತಿರುಗಾಟವೆಂದು ಹೆಸರು. ಜಾತ್ರೆ, ನೇಮ, ಆಟ ಎಲ್ಲವೂ ಪತ್ತನಾಜೆಯೊಳಗೆ ಮುಗಿಯಬೇಕೆಂಬುದು ಇಲ್ಲಿಯ ಕಟ್ಟು. ಬೇಸಾಯದ ಕ್ರಮವನ್ನು ನೋಡಿದರೆ ಇದರ ಕಾರಣ ತಾನಾಗಿ ತಿಳಿಯುತ್ತದೆ. ಕೊಯ್ಲಾದ ಗದ್ದೆ ಒಣಗಿ ಗಟ್ಟಿಯಾಗಿರುವಷ್ಟು ಕಾಲ ಅದು ರಂಗಸ್ಥಳ. ಮಳೆ ಬಿದ್ದೊಡನೆ ಮತ್ತೆ ಗದ್ದೆ.

ಇಂಥ ಆಟವನ್ನು ನೋಡಲು ಯಾರೂ ಹಣ ಕೊಡಬೇಕಾಗಿಲ್ಲ. ಇದನ್ನು ಗಮನಿಸಿದ ಹಲವರು ಬಯಲಾಟವನ್ನು 'ಜನತೆಯ ಉಚಿತ ರಂಗಭೂಮಿ' ಎಂದು ಬಣ್ಣಿಸಿ ಅಲ್ಲಿಗೇ ನಿಲ್ಲುತ್ತಾರೆ. ನನ್ನ ಅಭಿಪ್ರಾಯದಲ್ಲಿ ವಿಚಾರ ಆರಂಭವಾಗಬೇಕಾದುದೇ ಅಲ್ಲಿಂದ. ಪ್ರೇಕ್ಷಕನು ಕೊಡದೆ ಹೋದ ಹಣವನ್ನು ಬೇರೊಬ್ಬರು ಕೊಟ್ಟಿರಲೇಬೇಕು. ಅವರು ಯಾರು, ಯಾವ ಉತ್ಪತ್ತಿಯಿಂದ ಕೊಟ್ಟರು?

ಈ ಪ್ರಶ್ನೆಗೆ ಸಂಬಂಧಪಟ್ಟ ಬಹು ಹಳೆಯ ಆಧಾರ ತುಳುನಾಡಿನದಲ್ಲ, ಬಳ್ಳಾರಿಯ ಕಡೆಯದು. ಕುರುಗೋಡು ಸಮೀಪದ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಸೇರಿದ ಕ್ರಿ. ಶ. 1556ರ ಶಾಸನವು ತಾಳಮದ್ದಳೆಯವರಿಗೆ ಭೂಮಿಯನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಯಕ್ಷಗಾನದ ಪ್ರಾಚೀನತೆಯನ್ನು ಹೇಳಹೊರಟವರು ಈ ಶಾಸನದ ವರ್ಷವನ್ನು ಮಾತ್ರ ಎತ್ತಿಕೊಂಡಿದ್ದಾರೆ. ಅದರ ವಿಷಯವೂ ಅಷ್ಟೇ ಮುಖ್ಯವಾದುದು. ದೇವಾಲಯದಲ್ಲಿ ಜನರು ಕೇಳಿ ಸಂತೋಷಪಡಬೇಕಾದ ಕಲೆಯ ವೆಚ್ಚವನ್ನು ಅಲ್ಲಿ ಹೊತ್ತುದು ನೆಲದ ಹುಟ್ಟುವಳಿ. ಮುಂದೆ ನಾಲ್ಕು ಶತಮಾನಗಳ ಕಾಲ ಕರಾವಳಿಯಲ್ಲಿಯೂ ಸ್ಥೂಲವಾಗಿ ಇದೇ ತತ್ತ್ವ ನಡೆಯಿತೆಂದು ಹೇಳಬಹುದು. ಆದರೆ ಇಲ್ಲಿ ಶಾಶ್ವತ ದತ್ತಿಯ ಸ್ಥಾನದಲ್ಲಿ ಹರಕೆ ಬಂದು ನಿಂತಿತು.

ರೋಗ ವಾಸಿಯಾದರೆ, ಮಗು ಹುಟ್ಟಿದರೆ, ವ್ಯಾಜ್ಯ ಗೆದ್ದರೆ ಒಂದು ಆಟ ಆಡಿಸುತ್ತೇನೆಂದು ಮನೆಯ ಯಜಮಾನನು ದೇವರಿಗೆ ಹೇಳಿಕೊಳ್ಳುತ್ತಾನೆ. ಆಡಿಸುವವನು ಸೇವಾಕರ್ತ. ಮೇಳಕ್ಕೆ ಸಲ್ಲಬೇಕಾದ ವೀಳ್ಯ, ಕಲಾವಿದರ ಊಟ ಮತ್ತು ಬಿಡಾರ, ರಂಗಸ್ಥಳದ ಕಂಬ, ಮಾವಿನ ತೋರಣ, ದೀವಟಿಗೆಯ ಎಣ್ಣೆ ಎಲ್ಲವೂ ಅವನ ಪಾಲಿಗೆ. ಕಲಾವಿದರು ಊರಿಂದೂರಿಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ ವೇಷಭೂಷಣದ ಪೆಟ್ಟಿಗೆಗಳನ್ನು ತಲೆಹೊರೆಯಲ್ಲಿ ಸಾಗಿಸಬೇಕಾಗಿತ್ತು. ಇಷ್ಟಾಗಿ ಸೇವಾಕರ್ತನಿಗೆ ದೊರಕುತ್ತಿದ್ದುದು ಚೌಕಿಯಲ್ಲಿ ಪೂಜೆಯ ಪ್ರಸಾದ, ಊರಿನಲ್ಲಿ ಒಂದು ಹೆಸರು.

ಆಮಂತ್ರಣದ ರೀತಿಯೂ ವಿಶಿಷ್ಟವಾದುದು. ಸಂಜೆ ಹೊತ್ತಿಗೆ ಕೇಳಿಕೊಟ್ಟು ಎಂದು ಚೆಂಡೆ ಬಾರಿಸುತ್ತಾರೆ. ಆ ಸದ್ದು ಎಷ್ಟು ಗುಡ್ಡಗಳನ್ನು ದಾಟಿ ಕೇಳಿಸುತ್ತದೆಯೋ ಅಷ್ಟು ದೂರದವರೆಲ್ಲರೂ ಕರೆಯಲ್ಪಟ್ಟವರೇ. ಜನರು ಸೂಟೆ ಬೀಸಿಕೊಂಡು, ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಬರುತ್ತಾರೆ. ಗದ್ದೆಯ ಅಂಚಿನಲ್ಲಿ ನೆಲಗಡಲೆಯವರು, ಚಹಾದವರು ಸಾಲುಗಟ್ಟುತ್ತಾರೆ. ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಕಳೆದು ಪ್ರಸಂಗ ಆರಂಭವಾಗಿ ಬೆಳಗಿನ ಮಂಗಳದವರೆಗೆ ಸಾಗುತ್ತದೆ. ದೇವೀಮಹಾತ್ಮೆಯ ಪ್ರಸಂಗದಲ್ಲಿ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವುದಿಲ್ಲ. ದೂರದ ದಾರಿಯಲ್ಲಿ ಪಂಜುಗಳ ನಡುವೆ ಅಬ್ಬರಿಸುತ್ತ, ಕುಳಿತ ಜನರನ್ನು ಸೀಳಿಕೊಂಡು ಬರುತ್ತಾನೆ. ನಿದ್ದೆ ಹೋಗಿದ್ದ ಮಕ್ಕಳು ಚೀರಿ ಏಳುವುದು ಆಗಲೇ. ಆ ಒಂದು ಗಳಿಗೆಯಲ್ಲಿ ಊರಿನ ದಾರಿಯೇ ರಂಗಸ್ಥಳವಾಗುತ್ತದೆ. ಬಯಲಾಟಕ್ಕೆ ಗೋಡೆ ಏಕೆ ಒಗ್ಗುವುದಿಲ್ಲವೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಆದರೆ ಗೋಡೆಯಿಲ್ಲದ ಮಾತ್ರಕ್ಕೆ ಅಂತರವಿರಲಿಲ್ಲವೆಂದು ತಿಳಿಯಬಾರದು. ದೇವಾಲಯದ ಒಳಗೆ ಪ್ರವೇಶವಿಲ್ಲದವರು ಹೊರಗಣ ಬಯಲಿನಲ್ಲಿ ಆಟವನ್ನು ನೋಡಬಹುದಾಗಿತ್ತೆಂಬುದು ನಿಜ. ದೂರದಲ್ಲಿ ಕುಳಿತು ನೋಡಬೇಕಾಗಿತ್ತೆಂಬುದೂ ನಿಜ. ಮುಂದಿನ ಸ್ಥಾನ ಯಾರದೆಂಬುದನ್ನು ಜಾತಿಯೂ ಒಡೆತನವೂ ನಿರ್ಣಯಿಸುತ್ತಿದ್ದುವು. ಈ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ ಜಾರಿಗೆ ಬಂದ 1947ರ ದೇವಾಲಯ ಪ್ರವೇಶದ ಕಾಯಿದೆಯು ಗುಡಿಯ ಬಾಗಿಲನ್ನು ತೆರೆಯಿತು. ಗದ್ದೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಯಾವ ಕಾಯಿದೆಯೂ ಬರೆದಿರಲಿಲ್ಲವಾದುದರಿಂದ ಅದನ್ನು ಅಳಿಸುವುದು ಅಷ್ಟು ಸುಲಭವಾಗಲಿಲ್ಲ.

ಹಣ ಕೊಟ್ಟು ನೋಡುವ ಪದ್ಧತಿ ಇಲ್ಲಿ ತಡವಾಗಿ ಬಂದಿತು. ಹೋಲಿಕೆಗಾಗಿ ಮರಾಠಿ ರಂಗಭೂಮಿಯನ್ನು ನೋಡಬಹುದು. ಕರ್ನಾಟಕದ ಭಾಗವತರ ತಂಡವೊಂದು ಸಾಂಗ್ಲಿಯಲ್ಲಿ ಆಡಿದ ಆಟವನ್ನು ಕಂಡು ಅಲ್ಲಿಯ ಅರಸರು ಅಂಥದೊಂದು ನಾಟಕವನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ 'ಸೀತಾಸ್ವಯಂವರ' ಪ್ರಯೋಗವಾಯಿತು. ಹತ್ತು ವರ್ಷಗಳಲ್ಲಿ, 1853ರಲ್ಲಿ, ಭಾವೆಯವರು ಮುಂಬಯಿಯ ಗ್ರಾಂಟ್ ರೋಡಿನ ನಾಟಕಶಾಲೆಯಲ್ಲಿ ಟಿಕೇಟಿನ ಪ್ರಯೋಗ ನಡೆಸಿದರು. ಅರಸರ ಆಶ್ರಯ ತಪ್ಪಿದಾಗ ಅವರಿಗೆ ಪಟ್ಟಣದ ಪ್ರೇಕ್ಷಕನೇ ಗತಿಯಾದನು. ಹರಕೆಯ ಆಸರೆ ಇದ್ದ ನಮ್ಮ ಮೇಳಗಳಿಗೆ ಆ ಅಗತ್ಯ ನೂರು ವರ್ಷ ಬರಲಿಲ್ಲ.

ಕಳೆದ ಶತಮಾನದ ನಡುಭಾಗದಲ್ಲಿ ಡೇರೆ ಮೇಳಗಳು ಹುಟ್ಟಿದುವು. ಬಯಲಿಗೆ ತಟ್ಟಿಯ ಆವರಣ ಬಂದು, ನೆಲಕ್ಕೆ ಒಂದು ದರ, ಕುರ್ಚಿಗೆ ಇನ್ನೊಂದು ದರ ಎಂದಾಯಿತು. ಇದನ್ನು ಕಲೆಯ ಅವನತಿಯೆಂದು ಹಳಬರು ಮರುಗಿದುದುಂಟು. ಆದರೆ ಯಾವ ಜಾತಿಯವನಾದರೂ ಹಣ ತೆತ್ತು ಕುರ್ಚಿಯಲ್ಲಿ ಕುಳಿತುಕೊಳ್ಳಬಹುದಾಯಿತೆಂಬ ಅಂಶವನ್ನು ಆ ಮರುಕದಲ್ಲಿ ಮರೆಯಬಾರದು. ತುಳು ಭಾಷೆಯ ಪ್ರಸಂಗಗಳಿಗೆ ದೊಡ್ಡ ಪ್ರೇಕ್ಷಕವರ್ಗ ದೊರಕಿದುದೂ ಡೇರೆಗಳಲ್ಲಿಯೇ. ಕಾಣಿಯೂರಿನ ನೆರೆಯ ಪಂಜ, ಎಣ್ಮೂರುಗಳ ಪಾಡ್ದನದ ವೀರರಾದ ಕೋಟಿ ಚೆನ್ನಯರು ಪುರಾಣದ ಅರಸರ ಕಿರೀಟವೇಷಗಳಿಗೆ ಸರಿಜೋಡಿಯಾಗಿ ನಿಂತರು. ಇದೇ ಕಾಲದಲ್ಲಿ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರಿನಲ್ಲಿ ಬಯಲನ್ನಿಟ್ಟುಕೊಂಡ ಆ ಗ್ರಂಥದ ಕರ್ತರೇ ಮುಂದೆ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ ಸಭಾಂಗಣಕ್ಕೆ ಒಯ್ಯುವ ಪ್ರಯೋಗಗಳಲ್ಲಿ ತೊಡಗಿದುದು ಒಂದು ಸ್ವಾರಸ್ಯ.

ಡೇರೆಯೇ ಉಳಿಯುವುದು, ಹರಕೆಯಾಟ ಅಳಿಯುವುದು ಎಂದು ಆಗ ಯಾರಾದರೂ ಎಣಿಸಿದ್ದರೆ ಅದು ಸಹಜ. ನಡೆದುದು ಬೇರೆ. ಡೇರೆ ಮೇಳಗಳು ಒಂದೊಂದಾಗಿ ನಿಂತುಹೋದುವು. ಬಹುಕಾಲ ಟಿಕೇಟಿನ ಆಟ ಆಡಿದ ಧರ್ಮಸ್ಥಳ ಮೇಳವೂ ಸೇವೆಯಾಟಕ್ಕೆ ಮರಳಿತು. ಕಟೀಲು ಮೇಳಗಳ ಆಟಕ್ಕಂತೂ ಹರಕೆ ಹೊತ್ತವರು ತಮ್ಮ ಸರದಿಗಾಗಿ ಹಲವು ವರ್ಷ ಕಾಯುತ್ತಾರೆ. ಇದಕ್ಕೆ ಭಕ್ತಿಯ ವೃದ್ಧಿಯೊಂದೇ ಕಾರಣವೆಂದರೆ ಸಾಲದು. 1974ರ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯಿಂದ ಈ ಜಿಲ್ಲೆಯಲ್ಲಿ ಗೇಣಿಯ ಭೂಮಿ ಒಕ್ಕಲುಗಳ ಕೈ ಸೇರಿತು. ಮೊದಲು ಆಟ ಆಡಿಸುವ ಶಕ್ತಿ ಇದ್ದುದು ಗುತ್ತಿನವರಿಗೆ, ದೊಡ್ಡ ಜಮೀನುದಾರರಿಗೆ, ದೇವಸ್ಥಾನ ಮಠಗಳಿಗೆ. ಆ ಬಳಿಕ ನಿನ್ನೆಯ ಒಕ್ಕಲು ಇಂದಿನ ಸೇವಾಕರ್ತನಾದನು. ಅಡಕೆಯ ಆದಾಯವೂ, ಮುಂಬಯಿಯಿಂದ, ಕೊಲ್ಲಿಯ ನಾಡುಗಳಿಂದ ಬಂದ ದುಡಿಮೆಯ ಹಣವೂ ಅವನಿಗೆ ನೆರವಾದುವು. ಒಬ್ಬನಿಂದ ಆಗದೆಡೆ 'ಊರ ಹತ್ತು ಸಮಸ್ತರು' ಕೂಡಿ ಆಡಿಸಿದರು. ಅಜ್ಜನು ಗದ್ದೆಯ ಹಿಂಬದಿಯಲ್ಲಿ ಕುಳಿತು ನೋಡಿದ ಆಟವನ್ನು ಮೊಮ್ಮಗನು ತನ್ನ ಹೆಸರಿನಲ್ಲಿ ಆಡಿಸುವುದರಲ್ಲಿ ಭಕ್ತಿಯೊಡನೆ ಬೇರೊಂದು ತೃಪ್ತಿಯೂ ಇರಬೇಕೆಂದು ನಾನು ಭಾವಿಸುತ್ತೇನೆ.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ತಿರುಗಾಟ ಪತ್ತನಾಜೆಗೆ ಮುನ್ನವೇ ನಿಂತಿತು. ಟಿಕೇಟಿನ ಆಟವಾಗಿದ್ದರೆ ಹಣವನ್ನು ಹಿಂದಿರುಗಿಸಿ ಲೆಕ್ಕ ಮುಗಿಸಬಹುದಿತ್ತು. ಹರಕೆಯನ್ನು ಹಿಂದಿರುಗಿಸುವ ಬಗೆಯಿಲ್ಲ. ಅದು ಮುಂದಿನ ವರ್ಷಗಳ ಸರದಿಗೆ ಸೇರಿಕೊಂಡಿತು.

ಈಗಿನ ತೊಡಕು ಹಣದ್ದಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ನಿಯಮಗಳಿಂದಲೂ, ಇರುಳೆಲ್ಲ ಕುಳಿತಿರಲಾರದ ಪ್ರೇಕ್ಷಕರಿಂದಲೂ ಕಾಲಮಿತಿಯ ಆಟ ರೂಢಿಗೆ ಬಂದಿದೆ. ಇನ್ನೊಂದು ಕಡೆ ಬಯಲೇ ಕಡಮೆಯಾಗಿದೆ. ಕಾಣಿಯೂರಿನ ಆಸುಪಾಸಿನಲ್ಲಿ ಭತ್ತದ ಗದ್ದೆಗಳಿದ್ದಲ್ಲಿ ಅಡಕೆಯ ತೋಟವೆದ್ದಿದೆ, ಗುಡ್ಡಗಳಲ್ಲಿ ರಬ್ಬರು ಬೆಳೆದಿದೆ. ಒಕ್ಕಲನ್ನು ಸೇವಾಕರ್ತನನ್ನಾಗಿ ಮಾಡಿದ ಅಡಕೆಯೇ ಅವನ ರಂಗಸ್ಥಳವನ್ನು ನುಂಗಿದೆ. ಹರಕೆ ಹೊತ್ತವನು ಈಗ ಮೇಳದ ದಿನವನ್ನು ಗೊತ್ತುಪಡಿಸಿಕೊಂಡ ಮೇಲೆ ಶಾಲೆಯ ಆಟದ ಬಯಲಿಗೋ ದೇವಸ್ಥಾನದ ಎದುರಿನ ಅಂಗಳಕ್ಕೋ ಅನುಮತಿ ಕೇಳಲು ಹೋಗುತ್ತಾನೆ.