ಮುಸಾಫಿರ್‌ಖಾನೆಯಲ್ಲಿ ರಾತ್ರಿ ಕಳೆದವರು ಯಾರು?

ಚಿಕ್ಕಪ್ಪನ ಮಗನ ಮದುವೆ ಮುಗಿದ ಮೂರನೇ ದಿನ ಮನೆಯಲ್ಲಿ ದೊಡ್ಡ ಚರ್ಚೆ. ಹನಿಮೂನ್‌ಗೆ ಅಂಡಮಾನೋ, ಮಾಲ್ಡೀವ್ಸೋ? ಯಾವ ರೆಸಾರ್ಟ್? ಸಮುದ್ರಕ್ಕೆ ಎದುರಾಗಿರುವ ರೂಮೋ, ಅಗ್ಗದ ರೂಮೋ? ಮೊದಲ ದಿನ ಏನು ನೋಡಬೇಕು, ಎರಡನೇ ದಿನ ಏನು? ಮೊಬೈಲ್ ಕೈಯಿಂದ ಕೈಗೆ ಹೋಗುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕುಳಿತಿದ್ದ ಅಜ್ಜಿ ತಲೆ ಎತ್ತಿ ಕೇಳಿದರು:

"ದ್ವೀಪ ಅಂದ್ರೆ ಏನಪ್ಪಾ?"

"ಸುತ್ತ ನೀರು, ನಡುವೆ ನೆಲ, ಅಜ್ಜಿ."

"ಅದನ್ನ ನೋಡಾಕೆ ಅಷ್ಟು ದೂರ ಯಾಕೆ? ಸಂತೇಬೆನ್ನೂರಿನ ಹೊಂಡದಾಗ ಐತಲ್ಲ."

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ತಲೆಯಲ್ಲಿ ಉಳಿಯಿತು. ಅಜ್ಜಿ ಚಿಕ್ಕವರಿದ್ದಾಗ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದರಂತೆ. "ರಾತ್ರಿ ಎಲ್ಲಿ ಉಳ್ಕೊಂಡ್ರಿ?" ಎಂದು ಕೇಳಿದೆ. "ಯಾರದೋ ಜಗಲಿ ಮ್ಯಾಲೆ. ನಮ್ಮ ಜನ ನೋಡಿ, ನಮ್ಮೋರು ಅಂತ ಗೊತ್ತಾದ್ಮ್ಯಾಲೆ ಚಾಪೆ ಕೊಟ್ರು" ಎಂದರು. 'ನಮ್ಮೋರು' ಎಂಬ ಆ ಒಂದು ಪದದಿಂದಲೇ ಈ ಬರಹ ಹುಟ್ಟಿದ್ದು. ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ನಾವು ಇಂದು ಆರಾಮಾಗಿ ಆರಿಸಿಕೊಳ್ಳುತ್ತೇವೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಈ ಆಯ್ಕೆ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ?

ಹೊಂಡದ ನಡುವಿನ ದ್ವೀಪ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ಊರವರು ಹೊಂಡ ಎಂದೇ ಕರೆಯುತ್ತಾರೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ದಂಡೆಯ ಮೇಲೆ ಗೋಪುರವಿರುವ ಮಂಟಪಗಳು. ಅವುಗಳಲ್ಲಿ ಕೆಲವು ಬಿದ್ದುಹೋಗಿವೆ. ನಡುನೀರಿನಲ್ಲಿ ಅಂತಸ್ತುಗಳಾಗಿ ಎದ್ದು ನಿಂತ ವಸಂತ ಮಂಟಪ. ಹೊಂಡ ತುಂಬಿದಾಗ ಅದು ನಿಜಕ್ಕೂ ದ್ವೀಪವೇ. ದಂಡೆಯಲ್ಲಿ ನಿಂತವರು ನೋಡಬಹುದು, ಮುಟ್ಟಲಾಗದು.

ಇದನ್ನು ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕನೆಂದು ಹೇಳುತ್ತಾರೆ. ಬಸವಾಪಟ್ಟಣದಲ್ಲಿ ತಲೆ ಎತ್ತಿ, ಸಂತೇಬೆನ್ನೂರಿನಲ್ಲಿ ಬೇರೂರಿ, ಕೊನೆಗೆ ತರೀಕೆರೆಗೆ ಸರಿದ ಪಾಳೇಗಾರರ ಮನೆತನ ಅವನದು. ವಿಜಯನಗರ ಕುಸಿದ ಮೇಲೆ ಈ ನಡುನಾಡಿನಲ್ಲಿ ಇಂಥ ನಾಯಕರು ಹಲವರು. ಕೆಳಗೆ ಚಿತ್ರದುರ್ಗ, ಮೇಲೆ ಕೆಳದಿ, ಉತ್ತರಕ್ಕೆ ಬಿಜಾಪುರ. ನಡುವೆ ಸಿಕ್ಕಿಕೊಂಡ ಸಣ್ಣ ನಾಯಕ ಕೋಟೆಯನ್ನೂ ಕಟ್ಟಬೇಕು, ಹೊಂಡವನ್ನೂ ಕಟ್ಟಬೇಕು. ಕೋಟೆ ಶತ್ರುವಿಗೆ ತೋರಿಸಲು, ಹೊಂಡ ನೆಂಟರಿಗೆ ತೋರಿಸಲು. ವಸಂತ ಮಂಟಪದ ಕಮಾನುಗಳನ್ನೂ ಗಾರೆಗೆಲಸವನ್ನೂ ನೋಡಿದರೆ, ಯಾರೊಂದಿಗೆ ಕಾದಾಡುತ್ತಿದ್ದರೋ ಅವರ ಕುಶಲಕರ್ಮವನ್ನೇ ಇಷ್ಟಪಟ್ಟು ತಂದುಕೊಂಡಂತೆ ಕಾಣುತ್ತದೆ. ಯುದ್ಧ ರಾಜರದು, ಕಟ್ಟುವ ಕೈ ಎಲ್ಲ ಊರಿಗೂ ಹೋಗುತ್ತದೆ.

ಹೆಸರು ಮುಸಾಫಿರ್‌ಖಾನೆ, ಮುಸಾಫಿರರು ಎಲ್ಲಿ?

ಹೊಂಡದ ಪಕ್ಕದಲ್ಲೇ ಕಮಾನುಗಳ ಒಂದು ದೊಡ್ಡ ಕಟ್ಟಡವಿದೆ. ಅದೇ ಮುಸಾಫಿರ್‌ಖಾನೆ. ಮುಸಾಫಿರ್ ಎಂದರೆ ಪಯಣಿಗ, ಖಾನೆ ಎಂದರೆ ಮನೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಹೊಂಡದ ಜೊತೆ ಇದೇ ಹೆಸರು.

ಆದರೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವ ಕಥೆ ಬೇರೆ. 1630ರ ದಶಕದ ಕೊನೆಯಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಸೀಮೆಯ ಮೇಲೆ ದಂಡೆತ್ತಿ ಬಂದ. ಸಂತೇಬೆನ್ನೂರು ಅವನ ವಶವಾಯಿತು. ಅಲ್ಲಿದ್ದ ದೇವಾಲಯವನ್ನು ಕೆಡವಿ ಆ ಜಾಗದಲ್ಲಿ ಮಸೀದಿ ಎದ್ದಿತು. ಕಾಡಿನ ಕಡೆ ಸರಿದಿದ್ದ ನಾಯಕ ಸಿಟ್ಟಿನಿಂದ ತಿರುಗಿ ಬಂದು ಬಿಜಾಪುರದ ಅಧಿಕಾರಿಯನ್ನು ಕೊಂದು, ಮಸೀದಿಯನ್ನೂ ಅಪವಿತ್ರಗೊಳಿಸಿದ. ಅಂದಿನಿಂದ ಅಲ್ಲಿ ಪ್ರಾರ್ಥನೆ ನಡೆಯಲಿಲ್ಲ.

ಈ ಕಥೆಯನ್ನು ಇವತ್ತು ಒಂದೊಂದು ಗುಂಪು ಅರ್ಧರ್ಧ ಹೇಳುತ್ತದೆ. ಒಬ್ಬರು ಮೊದಲ ಅರ್ಧ, ಇನ್ನೊಬ್ಬರು ಎರಡನೇ ಅರ್ಧ. ಮೊಬೈಲಿನ ಮೂವತ್ತು ಸೆಕೆಂಡಿನ ವಿಡಿಯೊಗೆ ಅರ್ಧ ಕಥೆಯೇ ಹೆಚ್ಚು. ಆದರೆ ಊರಿನ ಜನ ಏನು ಮಾಡಿದರು ನೋಡಿ. ಇಬ್ಬರು ದೊರೆಗಳು ಒಬ್ಬರ ದೇವರಮನೆಯನ್ನು ಇನ್ನೊಬ್ಬರು ಕೆಡಿಸಿ ಹೋದ ಮೇಲೆ ಉಳಿದ ಖಾಲಿ ಕಟ್ಟಡಕ್ಕೆ ಅವರು ದಾರಿಹೋಕರ ಮನೆ ಎಂಬ ಹೆಸರಿಟ್ಟರು. ಗೆದ್ದವನ ಹೆಸರನ್ನೂ ಇಡಲಿಲ್ಲ, ಸೇಡಿನ ಹೆಸರನ್ನೂ ಇಡಲಿಲ್ಲ. ನನಗೆ ಸಂತೇಬೆನ್ನೂರಿನಲ್ಲಿ ತೋರಿಸಬೇಕಾದ ಅತಿ ದೊಡ್ಡ ಸ್ಮಾರಕ ಈ ಹೆಸರೇ ಅನ್ನಿಸುತ್ತದೆ.

ಗುಡಿ, ಛತ್ರ, ಜಗಲಿ, ಬಂಗಲೆ

ಹಾಗಾದರೆ ದಾರಿಹೋಕರು ನಿಜವಾಗಿ ಎಲ್ಲಿ ಮಲಗುತ್ತಿದ್ದರು?

ಇಟಲಿಯ ಪಿಯೆತ್ರೋ ಡೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ದಾರಿಯಲ್ಲಿ ದೇವಾಲಯದಲ್ಲಿ ತಂಗಿದ್ದನ್ನು ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಊರಿಗೆ ಬಂದ ಪರದೇಶಿಗೆ ಗುಡಿಯ ಹೊರಮಂಟಪವೇ ಲಾಡ್ಜು. ಟಿಪ್ಪು ಸುಲ್ತಾನನ ಪತನದ ನಂತರ, 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರು ಸುತ್ತಿದ. ಈಸ್ಟ್ ಇಂಡಿಯಾ ಕಂಪನಿಯ ಆಳಾದ ಅವನು ನೋಡಿದ್ದು ಗುಡಿ ಗೋಪುರಗಳಿಗಿಂತ ಹೆಚ್ಚಾಗಿ ಬೆಳೆ, ಮಣ್ಣು, ಕಂದಾಯ, ಮಗ್ಗ. ಏನು ನೋಡಬೇಕು ಎಂಬುದನ್ನು ಯಾರು ಕಳಿಸಿದರು ಎಂಬುದೇ ತೀರ್ಮಾನಿಸುತ್ತದೆ.

ಹೊನ್ನಾಳಿಯದು ಬೇರೆಯೇ ಲೆಕ್ಕ. ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲು ಬಿಡುವವರು ಇಂದು ಬೇಡ ಎಂದರೆ ಮುಗಿಯಿತು. ದಂಡೆಯಲ್ಲೇ ಕಾಯಬೇಕು. ಸೇತುವೆಗಳು ಬರುವ ಮುಂಚೆ ಹೊಳೆದಂಡೆಯ ಊರುಗಳಲ್ಲಿ ಮಠ, ಛತ್ರ, ಅನ್ನದಾನ ಬೆಳೆದಿದ್ದಕ್ಕೆ ಭಕ್ತಿ ಎಷ್ಟು ಕಾರಣವೋ ನೀರೂ ಅಷ್ಟೇ ಕಾರಣ. ಎರಡನೇ ಮಂತ್ರಾಲಯ ಎಂದು ಹೆಸರಾದ ರಾಯರ ಮಠ, ಹಿರೇಕಲ್ಮಠ ಎರಡೂ ಇರುವ ಊರು ಅದು. ಇವತ್ತಿಗೂ ಮಠದ ಊಟ ಮಾಡಿ ಅಲ್ಲೇ ಒರಗಿ ಹೋಗುವವರು ಇದ್ದಾರೆ.

ಬ್ರಿಟಿಷರ ಕಾಲದಲ್ಲಿ ಇನ್ನೊಂದು ಕಟ್ಟಡ ಬಂತು. ಪ್ರವಾಸಿ ಬಂಗಲೆ. ನಮ್ಮವರ ಬಾಯಲ್ಲಿ ಟಿ.ಬಿ., ಐ.ಬಿ. ಎತ್ತರದ ಜಾಗ, ಹೆಂಚಿನ ಮಾಡು, ಸುತ್ತ ವರಾಂಡ, ಹಿಂದೆ ಅಡುಗೆಮನೆ, ಕಾವಲಿಗೊಬ್ಬ ಆಳು. ದೊರೆಗಳು, ಅಮಲ್ದಾರರು, ಇಂಜಿನಿಯರುಗಳು ಕುದುರೆ ಇಳಿದು ಅಲ್ಲಿ ಉಳಿಯುತ್ತಿದ್ದರು. ಹೆಸರು ಪ್ರವಾಸಿ ಬಂಗಲೆಯಾದರೂ ಸಾಮಾನ್ಯ ಪ್ರವಾಸಿ ಗೇಟಿನ ಒಳಗೆ ಕಾಲಿಡುವಂತಿರಲಿಲ್ಲ. ಇವತ್ತೂ ಅದರ ಬೀಗದ ಕೈ ಬೇಕಾದರೆ ಯಾರಿಗೆ ಫೋನ್ ಮಾಡಬೇಕೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು!

ಗಾಡಿಯ ಕೆಳಗೆ ಮಲಗಿದವರು

ಈ ಎಲ್ಲ ಪಟ್ಟಿಯಲ್ಲಿ ಒಬ್ಬರು ಇಲ್ಲ. ನನ್ನ ಜೊತೆ ಓದಿದ ಜಗಳೂರು ಕಡೆಯ ಗೆಳೆಯನಿಗೆ ಅಜ್ಜಿಯ ಜಗಲಿಯ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮಜ್ಜನೂ ಜಾತ್ರೆಗೆ ಹೋಗ್ತಿದ್ದ. ಗೌಡರ ಗಾಡಿ ಹೊಡ್ಕೊಂಡು. ಗೌಡರು ಛತ್ರದಾಗ, ಅಜ್ಜ ಗಾಡಿ ಕೆಳಗೆ. ಮಳೆ ಬಂದ್ರೆ ಎತ್ತಿಗೆ ಕೊಟ್ಟಿಗೆ ಸಿಗ್ತಿತ್ತು, ಅಜ್ಜನಿಗೆ ಇಲ್ಲ."

ಎತ್ತಿಗೆ ಸಿಕ್ಕ ಮಾಡು ಮನುಷ್ಯನಿಗೆ ಸಿಗಲಿಲ್ಲ. ಛತ್ರದ ಅನ್ನ ಯಾರಿಗೆ, ಬಾವಿಯ ನೀರು ಯಾರಿಗೆ, ಹೊಂಡದ ಮೆಟ್ಟಿಲು ಯಾರಿಗೆ ಎಂಬುದನ್ನು ಬೋರ್ಡ್ ಬರೆಯದೆಯೇ ಎಲ್ಲರೂ ಓದಿಕೊಳ್ಳುತ್ತಿದ್ದರು. ನನ್ನ ಅಜ್ಜಿಗೆ ಚಾಪೆ ಕೊಡಿಸಿದ 'ನಮ್ಮೋರು' ಎಂಬ ಪದವೇ ಅವನ ಅಜ್ಜನನ್ನು ಮಳೆಯಲ್ಲಿ ನಿಲ್ಲಿಸಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯನ್ನು ಒಮ್ಮೆ ಈ ಕಣ್ಣಿನಿಂದ ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಅದು ಒಂದೊಂದನ್ನೂ ಹೆಸರಿಸುತ್ತದೆ. ದೊಡ್ಡ ತತ್ವವನ್ನು ಹೇಳುವ ಪುಸ್ತಕಕ್ಕೆ ಕೆರೆ ಬಾವಿಗಳ ಲೆಕ್ಕ ಯಾಕೆ ಬೇಕಿತ್ತು ಎಂದರೆ, ಅವಮಾನ ನಡೆಯುತ್ತಿದ್ದದ್ದು ಅಲ್ಲೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳಿಗೆ ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ತಡೆದರೆ ಅದು ಅಪರಾಧ ಎಂದಿತು. ಹೌದು, ಕಾನೂನಿನ ಪುಸ್ತಕದಲ್ಲಿ ಮುಸಾಫಿರ್‌ಖಾನೆ ಎಂಬ ಪದವೇ ಇದೆ. 1976ರಲ್ಲಿ ಅದೇ ಕಾಯ್ದೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಸಂತೇಬೆನ್ನೂರಿನ ಜನ ಖಾಲಿ ಕಟ್ಟಡಕ್ಕೆ ಇಟ್ಟ ಹೆಸರಿಗೂ ಈ ಕಾಯ್ದೆಗೂ ನೇರ ಸಂಬಂಧವಿಲ್ಲ. ಆದರೂ ಆ ಕಮಾನುಗಳ ಕೆಳಗೆ ನಿಂತಾಗ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಛತ್ರವನ್ನೇ ಬೇಡದೆ ಓಡಾಡಿದವರೂ ಇದ್ದರು. ಉಪ್ಪು, ಧಾನ್ಯಗಳನ್ನು ಎತ್ತಿನ ಮೇಲೆ ಹೇರಿಕೊಂಡು ನಾಡಿನಿಂದ ನಾಡಿಗೆ ಹೋಗುತ್ತಿದ್ದ ಬಂಜಾರರು ಇಳಿದ ಜಾಗವೇ ತಾಂಡ. ಅವರ ಆರಾಧ್ಯ ಸಂತ ಸೇವಾಲಾಲರು ಹುಟ್ಟಿದ್ದು 1739ರ ಫೆಬ್ರವರಿ 15ರಂದು, ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂಬುದು ಸಮುದಾಯದ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಹಾಕಿದ ಜನ ದೂರದೂರದಿಂದ ನಡೆದೇ ಬರುತ್ತಾರೆ. ಬಯಲೇ ಹಾಸಿಗೆ. ಯಾವ ಪ್ರವಾಸಿ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿಲ್ಲದ ಈ ಕೊಪ್ಪಕ್ಕೆ ಬರುವ ಜನರ ಮುಂದೆ ನಮ್ಮ ರೆಸಾರ್ಟುಗಳ ಲೆಕ್ಕ ಏನೂ ಅಲ್ಲ.

ನೆಂಟರಿಗೆ ಏನು ತೋರಿಸುತ್ತೇವೆ?

ಚನ್ನಗಿರಿ ತಾಲ್ಲೂಕಿನಲ್ಲೇ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವಿನ ಕಂಡಿಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ ಕೆರೆ. ಸುತ್ತಳತೆ ಸುಮಾರು 40 ಮೈಲಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎಂಬುದು ಜನರ ಕಥೆ. ನೀರು ನಿಲ್ಲಲು ವೇಶ್ಯೆಯರು ತಮ್ಮ ಕೇರಿಯನ್ನು ಬಿಟ್ಟುಕೊಟ್ಟರು, ಬದಲಿಗೆ ಕೆರೆಗೆ ನಮ್ಮ ಹೆಸರಿಡಿ ಎಂದು ಕೇಳಿದರು ಎನ್ನುತ್ತಾರೆ. ಈಗ ಬೋರ್ಡುಗಳಲ್ಲಿ ಶಾಂತಿಸಾಗರ. ನೆಂಟರ ಮುಂದೆ ಹಳೆಯ ಹೆಸರು ಹೇಳಲು ನಾಚಿಕೆ. ಮನೆ ಮುಳುಗಿಸಿಕೊಂಡು ನೀರು ಕೊಟ್ಟ ಹೆಂಗಸರು ಕೇಳಿದ್ದು ಹೆಸರೊಂದನ್ನೇ. ಅದನ್ನೂ ನಾವು ಕಿತ್ತುಕೊಂಡೆವು. ಕಥೆ ನಿಜವೋ ಸುಳ್ಳೋ, ನಾಚಿಕೆ ಯಾರು ಪಡಬೇಕು ಎಂಬ ಪ್ರಶ್ನೆಯಂತೂ ನಿಜ.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಹತ್ತಿರ ತೀರ್ಥರಾಮೇಶ್ವರವಿದೆ. ಗುಡ್ಡದ ಮೇಲೆ ಬೇಸಿಗೆಯಲ್ಲೂ ಬತ್ತದ ಒರತೆ. ಸಿಂದ ಅರಸರು ಆಳಿದ ಬೆಳಗುತ್ತಿಗೆ ಬಂದವರು ಗುಡ್ಡ ಹತ್ತುತ್ತಾರೆ, ಊರಿನ ಶಾಸನಗಳತ್ತ ತಿರುಗಿ ನೋಡುವವರು ಕಡಿಮೆ. ಜಗಳೂರು ಮಳೆ ಕಡಿಮೆಯ ಸೀಮೆ. ಅಲ್ಲಿನ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮವಾಗಿದ್ದು ಅದಕ್ಕಾಗಿಯೇ. ಹಸಿರಿಲ್ಲದ ಕಾಡನ್ನು ಕಾಡೆಂದು ನೋಡಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು.

1997ರವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ತಾಲ್ಲೂಕಾಗಿದ್ದು ಇತ್ತೀಚೆಗೆ, ಹೊನ್ನಾಳಿಯಿಂದ ಬೇರೆಯಾಗಿ. ಶಿವಮೊಗ್ಗದವರಿಗೆ ಜೋಗ ಇತ್ತು, ಚಿತ್ರದುರ್ಗದವರಿಗೆ ಕೋಟೆ ಇತ್ತು. ನಮ್ಮೂರುಗಳು ಎರಡೂ ಕಡೆ ಅಂಚಿನಲ್ಲೇ ಉಳಿದವು. ದಾವಣಗೆರೆ ಜಿಲ್ಲೆಯಾದ ಮೇಲೂ ಬಂದವರು ಹೊಂಡದ ಮುಂದೆ ಫೋಟೋ ಹೊಡೆದುಕೊಂಡು ಸಂಜೆಯೊಳಗೆ ದಾವಣಗೆರೆಯ ಲಾಡ್ಜಿಗೆ ಹೋಗುತ್ತಾರೆ. ಊರಿಗೆ ಉಳಿಯುವುದು ನೀರಿನ ಬಾಟಲಿ, ಚಿಪ್ಸ್ ಕವರು. ರಾತ್ರಿ ಉಳಿಯುವ ನೆಂಟ ಮಾತ್ರ ಕಥೆಯನ್ನು ಪೂರ್ತಿ ಕೇಳುತ್ತಾನೆ. ಅರ್ಧ ದಿನಕ್ಕೆ ಬಂದವನಿಗೆ ಅರ್ಧ ಕಥೆಯೇ ಸಿಗುತ್ತದೆ.

ರೆಸಾರ್ಟ್ ಬೇಡ. ರಕ್ಷಿತ ಸ್ಮಾರಕದೊಳಗೆ ಯಾರನ್ನೂ ಮಲಗಿಸುವುದೂ ಬೇಡ. ಊರಲ್ಲೇ ನಾಲ್ಕು ಮನೆಯವರು ಒಂದೊಂದು ಕೋಣೆ, ಒಂದು ಶುಚಿಯಾದ ಶೌಚಾಲಯ, ಬಿಸಿ ರೊಟ್ಟಿ ಕೊಟ್ಟರೆ ಸಾಕು. ಬಾಗಿಲಲ್ಲಿ "ನೀವು ಯಾವ ಪೈಕಿ?" ಎಂದು ಕೇಳದಿದ್ದರೆ ಅದೇ ನಿಜವಾದ ಮುಸಾಫಿರ್‌ಖಾನೆ.

ನವದಂಪತಿ ಕೊನೆಗೆ ಅಂಡಮಾನ್‌ಗೇ ಹೋದರು. ಹೋಗುವ ಮುಂಚೆ ಅಜ್ಜಿಯ ಬಲವಂತಕ್ಕೆ ಒಂದು ಸಂಜೆ ಸಂತೇಬೆನ್ನೂರಿಗೂ ಹೋಗಿ ಬಂದರು. ಜಗಳೂರಿನ ಗೆಳೆಯನೂ ನಮ್ಮ ಜೊತೆ ಬಂದಿದ್ದ. ಹೊಂಡದ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ಕುಳಿತು ಬುತ್ತಿ ಬಿಚ್ಚಿದೆವು. ಅಜ್ಜಿ ಮೊದಲ ರೊಟ್ಟಿಯನ್ನು ಅವನ ಕೈಗೇ ಇಟ್ಟರು. ಕತ್ತಲಾದ ಮೇಲೆ ಕಾವಲಿನವರು ಬಂದು "ಟೈಮಾಯ್ತು, ಏಳ್ರಿ" ಎನ್ನುವವರೆಗೂ ಅಲ್ಲೇ ಇದ್ದೆವು.